ಕರ್ತನ ಭೋಜನಕ್ಕೆ ಆರ್ಗನ್ ಸಜ್ಜಾಗುತ್ತಿದೆ: ಸೆಪ್ಟೆಂಬರಿನಿಂದ ಅಡ್ವೆಂಟಿನವರೆಗಿನ ಕೆಲಸ

ಜರ್ಮನಿಯ ಸಾಕ್ಸನಿಯಲ್ಲಿ, ಲೈಪ್‌ಜಿಗ್‌ಗೆ ಹತ್ತಿರದ ಹಳ್ಳಿಯೊಂದರ ಲೂಥರನ್ ಚರ್ಚಿನಲ್ಲಿ ಅಡ್ವೆಂಟಿಗೆ (ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳಿಗೆ) ಮುನ್ನ ನಡೆಯುತ್ತಿರುವ ಕೆಲಸದ ವಿವರ ಇದು. ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಸಭೆಗೆ ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಹಂಚುವಷ್ಟು ಹೊತ್ತೂ, ಆರ್ಗನ್ ನುಡಿಯಬೇಕು. ಹಂಚುವುದು ಯಾವ ಗಳಿಗೆಗೆ ಮುಗಿದರೂ ಸಂಗೀತ ಕತ್ತರಿಸಿದ ಹಾಗೆ ಕೇಳಬಾರದು, ಮುಗಿದ ಮೇಲೆ ಎಳೆದಾಡಲೂಬಾರದು. ಆರಾಧನೆಯ ಉಳಿದೆಲ್ಲ ಭಾಗಕ್ಕೂ ಅಳತೆ ಇದೆ: ಗೀತೆಗೆ ಇಷ್ಟು ಚರಣ, ಪ್ರಸಂಗಕ್ಕೆ ಇಷ್ಟು ನಿಮಿಷ. ಅಳತೆ ಇಲ್ಲದ್ದು ಭೋಜನದ ಹೊತ್ತು ಮಾತ್ರ. ಆದ್ದರಿಂದ ಅದನ್ನೇ ಮೊದಲು ಕೈಗೆತ್ತಿಕೊಂಡೆವು.

ಆರ್ಗನ್ ಚಿಕ್ಕದು. ಕೈಗೆ ಒಂದೇ ಕೀಬೋರ್ಡು, 54 ಕೀ. ಕಾಲಿಗೆ 27 ಕೀಗಳ ಪೆಡಲ್. ಸ್ಟಾಪ್‌ಗಳು (ಎಳೆದರೆ ಒಂದು ಬಗೆಯ ಕೊಳವೆಗಳ ಸಾಲು ನುಡಿಯುವ ಹಿಡಿಗಳು; ಅಡಿ ಹೆಚ್ಚಿದಷ್ಟೂ ಸ್ವರ ತಗ್ಗು) ಎಂಟು: ಪ್ರಿನ್ಸಿಪಾಲ್ 8 ಅಡಿ, ಗೆಡಾಕ್ಟ್ 8, ಸಾಲಿಸಿಯೊನಾಲ್ 8, ಒಕ್ಟಾವ್ 4, ಫ್ಲೂಟ್ 4, ಒಕ್ಟಾವ್ 2, ಮೂರು ಸಾಲಿನ ಮಿಕ್ಸ್ಚರ್, ಪೆಡಲಿಗೆ ಸುಬ್‌ಬಾಸ್ 16. ಕೀಯಿಂದ, ಕೊಳವೆಗಳು ನಿಂತಿರುವ ಗಾಳಿಪೆಟ್ಟಿಗೆಯವರೆಗೆ ಎಲ್ಲವೂ ಮರದ ಕಡ್ಡಿಗಳ ಎಳೆತದಲ್ಲೇ ನಡೆಯುತ್ತದೆ, ವಿದ್ಯುತ್ತು ಬೇಕಿರುವುದು ಗಾಳಿ ಊದುವ ಮೋಟಾರಿಗೆ ಮಾತ್ರ. ಎದುರಿಗೆ ಕಾಣುವ ಕೊಳವೆಗಳು ಸತುವಿನವು. ಮೊದಲಿದ್ದ ತವರದ ಕೊಳವೆಗಳು, ಜರ್ಮನಿಯ ಅಸಂಖ್ಯ ಆರ್ಗನ್‌ಗಳ ಮುಂಭಾಗದ ಕೊಳವೆಗಳ ಹಾಗೆಯೇ, 1917ರಲ್ಲಿ ಯುದ್ಧದ ಲೋಹಕ್ಕಾಗಿ ಹೋದವು.

ಸೆಪ್ಟೆಂಬರ್: ತಪಾಸಣೆ

ಒಂದು ಸ್ಟಾಪ್ ಎಳೆಯುವುದು, ಕೆಳಗಿನ ಸಿ ಯಿಂದ ಮೇಲಿನ ಎಫ್ ತನಕ ಒಂದೊಂದೇ ಕೀ ಒತ್ತುವುದು, ಮೂರು ಸಂಗತಿ ಗುರುತು ಹಾಕುವುದು: ಸ್ವರ ತಡವಾಗಿ ಹುಟ್ಟುತ್ತದೆಯೇ, ಪಕ್ಕದ ಕೊಳವೆಯೂ ಸಣ್ಣಗೆ ಗುನುಗುತ್ತದೆಯೇ, ಕೀ ಬಿಟ್ಟ ಕೂಡಲೇ ಸದ್ದು ನಿಲ್ಲುತ್ತದೆಯೇ. ಎಂಟೂ ಸ್ಟಾಪ್‌ಗೆ ಹೀಗೆಯೇ. ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ಒತ್ತಲು, ಇನ್ನೊಬ್ಬರು ಆರ್ಗನ್ನಿನ ಒಳಗೆ ನಿಂತು ಕೇಳಲು.

ಭೋಜನದ ಹೊತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ನಿಲ್ಲದ ಸ್ವರ. ಗಾಳಿಪೆಟ್ಟಿಗೆಯೊಳಗೆ ಪ್ರತಿ ಕೀಗೂ ಚರ್ಮ ಹೊದಿಸಿದ ಒಂದು ಮರದ ಕದವಿದೆ. ಅದು ಪೂರ್ತಿ ಮುಚ್ಚದಿದ್ದರೆ ಸ್ವರ ಕೂಗುತ್ತಲೇ ಇರುತ್ತದೆ. ಕಾರಣ ಪತ್ತೆಹಚ್ಚುವುದು ಸುಲಭ. ಕೀ ಪೂರ್ತಿ ಮೇಲೆ ಬಂದಿದ್ದೂ ಸದ್ದು ನಿಲ್ಲದಿದ್ದರೆ ಚರ್ಮದ ಮೇಲೆ ಧೂಳೋ ಮರದ ಚೂರೋ ಕೂತಿದೆ ಎಂದರ್ಥ. ಆ ಕೀಯನ್ನು ನಾಲ್ಕೈದು ಸಲ ಚುರುಕಾಗಿ ಬಡಿದರೆ ಗಾಳಿಯ ರಭಸಕ್ಕೆ ಅದು ಹಾರಿಹೋಗುತ್ತದೆ. ಕೀ ತುಸು ಕೆಳಗೇ ಉಳಿದಿದ್ದರೆ ಕೀಯ ಗೂಟದ ಬಳಿ ಮರ ಉಬ್ಬಿರಬಹುದು, ಸ್ಪ್ರಿಂಗ್ ಸೋತಿರಬಹುದು. ಕೀಗೆ ಒಂದು ಮಿಲಿಮೀಟರಿನಷ್ಟೂ ಸಡಿಲ ಇಲ್ಲದಿದ್ದರೆ ಕಡ್ಡಿಯ ತುದಿಯಲ್ಲಿರುವ ಚರ್ಮದ ತಿರುಪು ಬಿಗಿಯಾಗಿದೆ, ಅದನ್ನು ಅರ್ಧ ಸುತ್ತು ಬಿಚ್ಚಿದರೆ ಸಾಕು. ನಮ್ಮಲ್ಲಿ ನಿಲ್ಲದೆ ಕೂಗುತ್ತಿದ್ದ ಕೀಗಳಲ್ಲಿ ಹೆಚ್ಚಿನವು ಈ ಕೊನೆಯ ಬಗೆಯವು. ಬೇಸಿಗೆಯ ತೇವಕ್ಕೆ ಮರದ ಚೌಕಟ್ಟು ಹಿಗ್ಗುತ್ತದೆ, ಉದ್ದಕ್ಕೆ ಸೀಳಿದ ಕಡ್ಡಿ ಅಷ್ಟು ಹಿಗ್ಗುವುದಿಲ್ಲ, ಎಳೆತ ಬಿಗಿಯುತ್ತದೆ.

ಆರಾಧನೆಯ ನಡುವೆಯೇ ಹೀಗಾದರೆ ಸ್ಟಾಪ್ ಬದಲಾಯಿಸಿ ಪ್ರಯೋಜನವಿಲ್ಲ. ಕದ ಆ ಕೀಯ ಎಲ್ಲ ಕೊಳವೆಗಳಿಗೂ ಒಂದೇ, ಯಾವ ಸ್ಟಾಪ್ ಎಳೆದರೂ ಅದೇ ಸ್ವರ ಕೂಗುತ್ತದೆ. ಗೆಡಾಕ್ಟ್ ಒಂದನ್ನೇ ಎಳೆದು ನುಡಿಸುತ್ತಿರುವಾಗ ಆ ಸ್ವರದ ಗೆಡಾಕ್ಟ್ ಕೊಳವೆಯನ್ನು ಎತ್ತಿ ಪಕ್ಕಕ್ಕೆ ಮಲಗಿಸುವುದೇ ಉಪಾಯ. ಅದಕ್ಕಾಗಿ ಆರ್ಗನ್ನಿನ ಬಾಗಿಲ ಬೀಗದ ಕೈ ಈಗ ಸಂಗೀತ ಪುಸ್ತಕದ ಪಕ್ಕದಲ್ಲೇ ನೇತಾಡುತ್ತದೆ.

ಗೆಡಾಕ್ಟಿನ ನಡು ಎಫ್ ಶಾರ್ಪ್ ತಡವಾಗಿ ಉಲಿಯುತ್ತಿತ್ತು: ಮೊದಲು ಬರೀ ಉಸಿರು, ಆಮೇಲೆ ಸ್ವರ. ಒಂಟಿ ಗೆಡಾಕ್ಟಿನಲ್ಲಿ ಇದು ಮರೆಯಾಗುವ ದೋಷವಲ್ಲ. ಕೊಳವೆಯ ಬಾಯಿಯ ಕೆಳಗಿನ ಸಣ್ಣ ಕಿಂಡಿಗೆ ದೀಪವಿಟ್ಟು ನೋಡಿದರೆ ಬೂದುಬಣ್ಣದ ಧೂಳಿನ ಎಳೆಯೊಂದು ಅಡ್ಡಲಾಗಿ ಮಲಗಿತ್ತು. ಕೊಳವೆಯನ್ನು ಪಾದದಲ್ಲಿ ಹಿಡಿದೆತ್ತಿ, ತೆಳು ಕಾಗದದ ಪಟ್ಟಿಯೊಂದನ್ನು ಕಿಂಡಿಯಲ್ಲಿ ಒಮ್ಮೆ ಎಳೆದದ್ದಕ್ಕೆ ಸರಿಹೋಯಿತು. ಲೋಹದ ಯಾವ ಉಪಕರಣವೂ ಅಲ್ಲಿಗೆ ಹೋಗಬಾರದು; ಕಿಂಡಿಯ ಅಂಚಿಗೆ ಒಂದು ಗೀರು ಬಿದ್ದರೆ ಆ ಸ್ವರದ ಬಣ್ಣ ಶಾಶ್ವತವಾಗಿ ಬದಲಾಗುತ್ತದೆ. ಮೈಯನ್ನು ಅಂಗೈಯಲ್ಲಿ ಹಿಡಿದರೆ ಕೊಳವೆ ಬಿಸಿಯಾಗಿ ಸ್ವರ ಏರುತ್ತದೆ, ಆರುವ ತನಕ ಅದರ ಶ್ರುತಿಯ ಬಗ್ಗೆ ಏನನ್ನೂ ತೀರ್ಮಾನಿಸಬಾರದು. ಶ್ರುತಿ ಮಾಡುವ ಕೆಲಸಕ್ಕೆ ನಾವು ಕೈಹಾಕಿಲ್ಲ, ಅದು ಆರ್ಗನ್ ಕಟ್ಟುವವರದು.

ಗಾಳಿಯ ಒತ್ತಡವನ್ನೂ ಅಳೆದೆವು. ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಯು ಆಕಾರಕ್ಕೆ ಬಗ್ಗಿಸಿ ಅರ್ಧ ನೀರು ತುಂಬಿ, ಒಂದು ತುದಿಯನ್ನು ಕೊಳವೆ ತೆಗೆದ ತೂತಿಗೆ ಬಿಗಿಯಾಗಿ ಕೂರಿಸಿ ಆ ಕೀ ಒತ್ತಿದರೆ, ಎರಡು ನೀರ ಮಟ್ಟಗಳ ಅಂತರವೇ ಒತ್ತಡ. ನಮ್ಮದು 65 ಮಿಲಿಮೀಟರ್. ಎಲ್ಲ ಸ್ಟಾಪ್ ಎಳೆದು ಎರಡೂ ಕೈ ತುಂಬ ಸ್ವರ ಹಿಡಿದಾಗ ಮಟ್ಟ ತುಸು ಅಲುಗುತ್ತದೆಯೇ ಹೊರತು ಕುಸಿಯುವುದಿಲ್ಲ. ತಿದಿಯ ಚರ್ಮ ಗಟ್ಟಿಯಾಗಿದೆ.

ಅಕ್ಟೋಬರ್: ಕ್ರಮ ಮತ್ತು ಕಾಲ

ಭೋಜನದ ಭಾಗ ಹೀಗೆ ಸಾಗುತ್ತದೆ: ಸಭಾಪಾಲಕರು ಮತ್ತು ಸಭೆ ಪರಸ್ಪರ ಹಾಡುವ ಸ್ತುತಿಯ ಆರಂಭ, ‘ಪರಿಶುದ್ಧನು’ ಗೀತೆ, ಸ್ಥಾಪನಾ ವಾಕ್ಯಗಳು (ಕೊನೆಯ ಊಟದಲ್ಲಿ ಯೇಸು ಆಡಿದ ಮಾತುಗಳು), ಕರ್ತನ ಪ್ರಾರ್ಥನೆ, ಸಮಾಧಾನದ ವಂದನೆ, ‘ದೇವರ ಕುರಿಮರಿ’ ಗೀತೆ, ಹಂಚುವುದು, ಕೃತಜ್ಞತೆಯ ಪ್ರಾರ್ಥನೆ, ಆಶೀರ್ವಾದ. ಸಭಾಪಾಲಕರು ಹಾಡುವ ಮೊದಲು ಅವರ ಆಧಾರ ಸ್ವರವನ್ನು ಗೆಡಾಕ್ಟಿನಲ್ಲಿ ಒಮ್ಮೆ ಕೊಟ್ಟರೆ ಸಾಕು. ಅಲ್ಲಿ ಇಡೀ ಸ್ವರಮೇಳ ನುಡಿಸಿದರೆ ಅವರು ಹಿಡಿಯಬೇಕಾದ ಸ್ವರವೇ ಅದರೊಳಗೆ ಕಳೆದುಹೋಗುತ್ತದೆ.

ಹಂಚುವಾಗ ಹಾಡುವುದು ಲೂಥರನ್ ಸಭೆಗಳಲ್ಲಿ ಮೊದಲಿನಿಂದಲೂ ಬಂದದ್ದು. 1526ರಲ್ಲಿ ಅಚ್ಚಾದ ಜರ್ಮನ್ ಆರಾಧನಾ ಕ್ರಮದಲ್ಲಿ ಮಾರ್ಟಿನ್ ಲೂಥರ್, ರೊಟ್ಟಿ ಕೊಡುವಾಗ ಒಂದು ಗೀತೆ, ಪಾತ್ರೆ ಕೊಡುವಾಗ ಅದರ ಉಳಿದ ಚರಣಗಳು ಅಥವಾ ‘ದೇವರ ಕುರಿಮರಿ’ ಎಂದು ಸೂಚಿಸಿದ್ದರು. ಸುಮಾರು ಇನ್ನೂರು ವರ್ಷಗಳ ಬಳಿಕ ಲೈಪ್‌ಜಿಗ್‌ನಲ್ಲಿ ಸಂಗೀತ ರಚನಕಾರ ಬಾಖ್ ತಮ್ಮ ಅಡ್ವೆಂಟ್ ಕಾಂಟಾಟಾ (ಗಾಯನ ಮತ್ತು ವಾದ್ಯಗಳ ಆರಾಧನಾ ಕೃತಿ) ಒಂದರ ಹಸ್ತಪ್ರತಿಯ ಮೇಲೆ ಆರಾಧನೆಯ ಕ್ರಮವನ್ನು ಬರೆದಿಟ್ಟುಕೊಂಡಿದ್ದಾರೆ. ಭೋಜನ ಮುಗಿಯುವ ತನಕ ಆರ್ಗನ್ ಪೀಠಿಕೆ ಮತ್ತು ಸಭೆಯ ಗೀತೆ ಒಂದಾದ ಮೇಲೊಂದು ಎಂಬುದೇ ಅದರ ಕೊನೆಯ ಸೂಚನೆ. ನಮ್ಮ ಯೋಜನೆ ನಿಂತಿರುವುದು ಈ ಸಾಲಿನ ಮೇಲೆ.

ಇನ್ನು ಗಡಿಯಾರದ ಲೆಕ್ಕ. ನಮ್ಮ ಸಭೆ ಬಲಿಪೀಠದ ಸುತ್ತ ಅರ್ಧವೃತ್ತದಲ್ಲಿ ನಿಲ್ಲುತ್ತದೆ, ಒಂದು ಸುತ್ತಿಗೆ ಹದಿನೈದು ಜನ. ರೊಟ್ಟಿಗೆ ತಲಾ 4 ಸೆಕೆಂಡ್, ಪಾತ್ರೆಗೆ 6, ಕಳಿಸಿಕೊಡುವ ಮಾತಿಗೂ ಮುಂದಿನವರು ಬಂದು ನಿಲ್ಲಲೂ 50. ಒಟ್ಟು 3 ನಿಮಿಷ 20 ಸೆಕೆಂಡ್. ನಲವತ್ತೈದು ಜನರಿದ್ದರೆ 10 ನಿಮಿಷ. ವಯಸ್ಸಾದವರು ಹೆಚ್ಚಿದ್ದರೆ, ಅಥವಾ ಕುಳಿತಲ್ಲಿಗೇ ಪಾತ್ರೆ ಒಯ್ಯಬೇಕಾದರೆ, ಎರಡು ಮೂರು ನಿಮಿಷ ಸುಲಭವಾಗಿ ಕೂಡಿಕೊಳ್ಳುತ್ತದೆ. ಹಾಗಾಗಿ 7ರಿಂದ 13 ನಿಮಿಷದ ಸಂಗೀತ ಕೈಯಲ್ಲಿರಬೇಕು.

ಆರ್ಗನ್ ಇರುವುದು ಹಿಂಬದಿಯ ಮಾಳಿಗೆಯಲ್ಲಿ, ನುಡಿಸುವವರ ಬೆನ್ನು ಬಲಿಪೀಠಕ್ಕೆ. ಸಂಗೀತ ಪುಸ್ತಕದ ಮೇಲ್ಗಡೆ ಎಡಕ್ಕಿದ್ದ ಕನ್ನಡಿಯಲ್ಲಿ ಸಭಾಪಾಲಕರ ಬೆನ್ನು ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಅದನ್ನು ತುಸು ಮೇಲೇರಿಸಿ ಬಲಕ್ಕೆ ತಿರುಗಿಸಿದ ಮೇಲೆ ಪಾತ್ರೆ ಯಾರ ಬಳಿ ಇದೆಯೆಂಬುದೂ ತಿಳಿಯುತ್ತದೆ. ಸಭಾಪಾಲಕರೊಂದಿಗೆ ಎರಡು ಗುರುತು ಗೊತ್ತುಮಾಡಿಕೊಂಡಿದ್ದೇವೆ. ಪ್ರತಿ ಸುತ್ತಿನ ಕೊನೆಗೆ ಅವರು ಪುಸ್ತಕ ತೆರೆದರೆ ಕಳಿಸಿಕೊಡುವ ಮಾತು ಬರಲಿದೆ, ಆರ್ಗನ್ ಮೌನವಾಗಬೇಕು. ಕೊನೆಯ ಸುತ್ತು ಮುಗಿದು ಪಾತ್ರೆಯನ್ನು ಬಲಿಪೀಠದ ಮೇಲಿಟ್ಟರೆ ಮುಕ್ತಾಯಕ್ಕೆ ತಿರುಗಬೇಕು.

ನವೆಂಬರ್: ಕೀಲುಗಳು

ಮುಖ್ಯ ಗೀತೆಯಾಗಿ ಆರಿಸಿಕೊಂಡದ್ದು ‘ಶ್ಮ್ಯೂಕೆ ಡಿಶ್, ಓ ಲೀಬೆ ಜೇಲೆ’; ಜರ್ಮನ್ ಗೀತೆ ಪುಸ್ತಕದಲ್ಲಿ 218. ಸಾಹಿತ್ಯ ಯೋಹಾನ್ ಫ್ರಾಂಕ್ ಅವರದು, ರಾಗ ಯೋಹಾನ್ ಕ್ರ್ಯೂಗರ್ ಅವರದು, 17ನೆಯ ಶತಮಾನ. ಈ ರಾಗಕ್ಕೆ ಬಾಖ್ ಬರೆದ ದೊಡ್ಡ ಪೀಠಿಕೆಗೆ, ಬಾಖ್ ಕೃತಿಗಳ ಪಟ್ಟಿಯ ಬಿಡಬ್ಲ್ಯುವಿ 654ಕ್ಕೆ, ಎರಡು ಕೀಬೋರ್ಡು ಬೇಕು. ಅಲಂಕರಿಸಿದ ರಾಗ ಒಂದರ ಮೇಲೆ, ಜೊತೆಯ ಸ್ವರಗಳು ಇನ್ನೊಂದರ ಮೇಲೆ. ಒಂದೇ ಕೀಬೋರ್ಡಿಗೆ ಅದನ್ನು ಹಿಂಡಿ ಕೂರಿಸಿದರೆ ರಾಗ ಮುಳುಗುತ್ತದೆ, ಅಂಥ ಕೃತಿಗೆ ಹಾಗೆ ಮಾಡಬಾರದು. ಜರ್ಮನ್ ರಚನಕಾರ ಬ್ರಾಮ್ಸ್ 1896ರಲ್ಲಿ ಬರೆದ ಹನ್ನೊಂದು ಪೀಠಿಕೆಗಳಲ್ಲಿ ಐದನೆಯದೂ ಇದೇ ರಾಗದ್ದು. ಅದಕ್ಕೆ ಪೆಡಲೂ ಬೇಡ, ಎರಡನೆಯ ಕೀಬೋರ್ಡೂ ಬೇಡ, ನುಡಿಸಲು ಸುಮಾರು ಎರಡು ನಿಮಿಷ. ನಮ್ಮ ಆರ್ಗನ್ನಿಗೆ ಇದೇ ಒಪ್ಪುತ್ತದೆ.

ತೊಡಕೆಂದರೆ ಬ್ರಾಮ್ಸ್ ಇರುವುದು ಇ ಮೇಜರಿನಲ್ಲಿ (ಇ ಆಧಾರ ಸ್ವರವಾಗಿ), ಸಭೆ ಹಾಡುವುದು ಎಫ್ ಮೇಜರಿನಲ್ಲಿ. ಅರ್ಧ ಸ್ವರದ ಈ ಜಿಗಿತಕ್ಕೆ ನಾಲ್ಕು ಅಳತೆಯ (ತಾಳದ ನಾಲ್ಕು ಸುತ್ತಿನ) ಸೇತುವೆ ಬರೆದಿದ್ದೇವೆ: ಇ ಮೇಜರ್ ಸ್ವರಮೇಳದಿಂದ ಎ ಮೈನರ್, ಅಲ್ಲಿಂದ ಜಿ ಮೈನರ್, ಏಳನೆಯ ಸ್ವರ ಕೂಡಿದ ಸಿ, ಕೊನೆಗೆ ಎಫ್. ಎ ಮೈನರ್ ಎರಡೂ ಕಡೆಗೆ ಸೇರಿದ್ದರಿಂದ ದಾಟಿದ್ದು ಕಿವಿಗೆ ಒರಟಾಗಿ ತಾಗುವುದಿಲ್ಲ.

ಗೀತೆಗೆ ಎಂಟು ಸಾಲು. ಮೊದಲ ಎರಡು ಸಾಲಿನ ರಾಗವೇ ಮೂರು ಮತ್ತು ನಾಲ್ಕಕ್ಕೆ ಮರಳುತ್ತದೆ, ಆಮೇಲಿನದು ಬೇರೆ. ಉಸಿರೂ ಸೇರಿ ಒಂದು ಚರಣಕ್ಕೆ ಸುಮಾರು 80 ತಾಳ; ನಿಮಿಷಕ್ಕೆ 72 ತಾಳದಂತೆ 67 ಸೆಕೆಂಡ್. ಸಭೆ ಹಾಡದ ಹೊತ್ತಿನಲ್ಲಿ ನುಡಿಸಲು ಇದೇ ರಾಗವನ್ನು ಎರಡೆರಡು ಸಾಲಿನ ತುಂಡುಗಳಾಗಿ ಬಿಡಿಸಿ, ಪ್ರತಿ ತುಂಡಿನ ಕೊನೆಗೂ ಎರಡು ಅಳತೆಯ ಮುಕ್ತಾಯ ಬರೆದೆವು. ತುಂಡು 17 ಸೆಕೆಂಡ್, ಮುಕ್ತಾಯ 7. ಗುರುತು ಸಿಕ್ಕಿದ್ದು ತುಂಡು ಶುರುವಾದ ಕ್ಷಣದಲ್ಲೇ ಆದರೂ 24 ಸೆಕೆಂಡಿನೊಳಗೆ ನಿಲ್ಲಬಹುದು. ಸಭಾಪಾಲಕರು ಪಾತ್ರೆ ಇಟ್ಟು, ಬಿಳಿ ಬಟ್ಟೆ ಮುಚ್ಚಿ, ಸಭೆಯ ಕಡೆ ತಿರುಗಲು ಅರ್ಧ ನಿಮಿಷವಾದರೂ ಬೇಕು. ಹಾಗಾಗಿ ಮುಕ್ತಾಯದ ಸ್ವರ ಕಟ್ಟಡದಲ್ಲಿ ಆರಿದ ಮೇಲೆಯೇ ಅವರ ಮಾತು ಶುರುವಾಗುತ್ತದೆ.

ತುಂಡು ಎಫ್‌ನಲ್ಲಿ ಕೊನೆಗೊಂಡರೆ ಮುಕ್ತಾಯ ಸರಳ: ಪೆಡಲಿನಲ್ಲಿ ಎಫ್ ಹಿಡಿದು, ಮೇಲೆ ಬಿ ಫ್ಲಾಟ್ ಸ್ವರಮೇಳ, ಮತ್ತೆ ಎಫ್. ತುಂಡು ಸಿ ಯಲ್ಲಿ ನಿಂತರೆ ಮೊದಲು ಅದಕ್ಕೆ ಏಳನೆಯ ಸ್ವರ ಕೂಡಿಸಿ ಎಫ್‌ಗೆ ಇಳಿಸಬೇಕು. ಇಳಿಸದೆ ಬಿಟ್ಟರೆ ಕೇಳುವವರ ಕಿವಿ ಮುಂದಿನ ಸಾಲಿಗಾಗಿ ಕಾಯುತ್ತಲೇ ಇರುತ್ತದೆ, ಆ ಕಾಯುವಿಕೆ ಪ್ರಾರ್ಥನೆಗೆ ಅಡ್ಡ ಬರುತ್ತದೆ. ಮುಕ್ತಾಯಗಳನ್ನು ಕೆಂಪು ಶಾಯಿಯಲ್ಲಿ ತುಂಡಿನ ಪಕ್ಕದಲ್ಲೇ ಬರೆದಿದೆ, ಪುಟ ತಿರುಗಿಸುವಂತಿಲ್ಲ.

ಸ್ಟಾಪ್‌ಗಳ ಆಯ್ಕೆ: ಬ್ರಾಮ್ಸ್‌ಗೆ ಗೆಡಾಕ್ಟ್ ಮತ್ತು ಸಾಲಿಸಿಯೊನಾಲ್. ಸಾಲಿಸಿಯೊನಾಲ್ ಒಂದೇ ಆದರೆ ಕೆಳಗಿನ ಸ್ವರಗಳು ಹುಟ್ಟುವುದು ನಿಧಾನ, ಗೆಡಾಕ್ಟ್ ಅದಕ್ಕೆ ಆರಂಭ ಕೊಡುತ್ತದೆ. ಸಭೆ ಹಾಡುವಾಗ ಪ್ರಿನ್ಸಿಪಾಲ್ 8 ಮತ್ತು ಫ್ಲೂಟ್ 4. ಇಲ್ಲಿ ಮೆಲ್ಲಗೆ ನುಡಿಸಬೇಕೆಂಬ ಆಸೆ ಅಪಾಯಕಾರಿ: ಅರ್ಧ ಸಭೆ ನಡೆಯುತ್ತಿರುತ್ತದೆ, ಕೈಯಲ್ಲಿ ಪುಸ್ತಕವಿರುವುದಿಲ್ಲ, ರಾಗ ಸ್ಪಷ್ಟವಾಗಿ ಕೇಳದಿದ್ದರೆ ಎರಡನೆಯ ಸಾಲಿಗೇ ಹಾಡು ಸೊರಗುತ್ತದೆ. ಸುಬ್‌ಬಾಸನ್ನು ಕೈಯ ಕೀಬೋರ್ಡಿಗೆ ಜೋಡಿಸದೆ ಒಂಟಿಯಾಗಿ ನುಡಿಸಿದರೆ ಬರೀ ಗುಂಯ್‌ಗುಡುತ್ತದೆ. ಮಿಕ್ಸ್ಚರನ್ನು ಭೋಜನಕ್ಕೆ ಮುಟ್ಟುವುದೇ ಇಲ್ಲ.

ಈ ಬಗೆಯ ರಾಗಗಳು ನಮ್ಮ ಕರಾವಳಿಗೂ ಹೊಸವಲ್ಲ. 1834ರಿಂದ ಮಂಗಳೂರಿಗೆ ಬರತೊಡಗಿದ ಬಾಸೆಲ್ ಮಿಷನ್ನಿನವರಲ್ಲಿ ಹಲವರು ನೈರುತ್ಯ ಜರ್ಮನಿಯ ವ್ಯೂರ್ಟೆಂಬರ್ಗಿನವರು. ಅವರ ಕಡೆಯಿಂದ ಜರ್ಮನ್ ಕೋರಾಲ್ (ಸಭೆ ಹಾಡುವ ಗೀತೆ) ರಾಗಗಳು ಕನ್ನಡ ಸಾಹಿತ್ಯಕ್ಕೆ ಹೊಂದಿಕೊಂಡವು. ವ್ಯೂರ್ಟೆಂಬರ್ಗಿನ ಲೂಥರನ್ನರ ಭಾನುವಾರದ ಆರಾಧನೆ ಮಾತ್ರ ಸಾಕ್ಸನಿಯದರಂತಲ್ಲ. ಗೀತೆ, ಪ್ರಾರ್ಥನೆ, ಪ್ರಸಂಗಗಳ ಸರಳ ಕ್ರಮ ಅದು, ಸಭಾಪಾಲಕರು ಹಾಡುವ ಭಾಗ ಅದರಲ್ಲಿಲ್ಲ. ಆ ಹಿನ್ನೆಲೆಯ ಸಭೆಗಳಲ್ಲಿ ಹಾರ್ಮೋನಿಯಮ್ಮೋ ಎಲೆಕ್ಟ್ರಾನಿಕ್ ಕೀಬೋರ್ಡೋ ನುಡಿಸುವವರಿಗೆ ಮೇಲಿನ ಸ್ಟಾಪ್‌ಗಳ ಮಾತು ಬೇಕಾಗದಿರಬಹುದು, ತುಂಡು ಮತ್ತು ಮುಕ್ತಾಯದ ಲೆಕ್ಕ ಹಾಗೆಯೇ ಅನ್ವಯಿಸುತ್ತದೆ. ಸಾಲಿನ ಕೊನೆಯ ಉಸಿರಿಗೆ ಕೈಯನ್ನು ನಿಜವಾಗಿಯೂ ಎತ್ತಿ. ಒಂದೇ ಸ್ವರ ಎರಡು ಸಲ ಬಂದಲ್ಲಿ ಮೇಲಿನ ಧ್ವನಿಯನ್ನು ಮಾತ್ರ ಬಿಡಿಸಿ, ನಡುವಿನ ಧ್ವನಿಗಳನ್ನು ಹಿಡಿದೇ ಇರಿ.

ಅಡ್ವೆಂಟಿಗೆ ಮುನ್ನ ಉಳಿದದ್ದು

ಚಳಿ ಈಗ ದೊಡ್ಡ ಚಿಂತೆ. ಒಂದು ಡಿಗ್ರಿ ಬಿಸಿಯೇರಿದರೆ ಕೊಳವೆಗಳ ಶ್ರುತಿ ಸುಮಾರು 3 ಸೆಂಟ್ (ಅರ್ಧ ಸ್ವರದ ನೂರನೆಯ ಒಂದು ಭಾಗವೇ ಒಂದು ಸೆಂಟ್) ಏರುತ್ತದೆ. 15 ಡಿಗ್ರಿಯಲ್ಲಿ ಸೆಕೆಂಡಿಗೆ 440 ಕಂಪನ ಇರುವ ಸ್ವರ 8 ಡಿಗ್ರಿಯಲ್ಲಿ 435ರ ಆಸುಪಾಸು. ಎಲ್ಲವೂ ಒಟ್ಟಿಗೆ ಇಳಿದರೆ ಸಭೆಗೆ ತಿಳಿಯುವುದಿಲ್ಲ, ಹಿತ್ತಾಳೆ ವಾದ್ಯದವರು ಜೊತೆಗೂಡಿದರೆ ಮಾತ್ರ ತಿಳಿಯುತ್ತದೆ. ಆದರೆ ಸುಬ್‌ಬಾಸ್ ಕೊಳವೆಗಳು ನಿಂತಿರುವುದು ಹಿಂಬದಿಯ ತಣ್ಣನೆಯ ಗೋಡೆಗೆ ಒರಗಿ. ಹೀಟರ್ ಹಚ್ಚಿದಾಗ ಮುಂದಿನವು ಏರುತ್ತವೆ, ಅವು ಅಲ್ಲೇ ಉಳಿಯುತ್ತವೆ, ಕೈಗೂ ಕಾಲಿಗೂ ನಡುವೆ ಸ್ವರ ನಡುಗುತ್ತದೆ. ಶನಿವಾರ ಮಧ್ಯಾಹ್ನದಿಂದಲೇ ಗಂಟೆಗೆ ಒಂದು ಡಿಗ್ರಿಯಂತೆ ಬಿಸಿ ಮಾಡಿದಾಗ ಈ ಅಂತರ ಕಡಿಮೆಯಾಯಿತು. ಒಂದೂವರೆ ಡಿಗ್ರಿಗಿಂತ ವೇಗವಾಗಿ ಏರಿಸಿದರೆ ಗಾಳಿ ಒಣಗಿ ಗಾಳಿಪೆಟ್ಟಿಗೆಯ ಹಲಗೆ ಬಿರುಕು ಬಿಡುವ ಭಯವೂ ಇದೆ. ಪಕ್ಕದ ಕೊಳವೆ ಗುನುಗುವ ದೋಷ ಹುಟ್ಟುವುದು ಅಲ್ಲಿಂದಲೇ. ತೇವಮಾಪಕವನ್ನು ಆರ್ಗನ್ನಿನೊಳಗೇ ನೇತುಹಾಕಿದ್ದೇವೆ, 50ರಿಂದ 65 ಶೇಕಡಾದೊಳಗೆ ಇರಬೇಕು.

‘ದೇವರ ಕುರಿಮರಿ’ಯ ಮೂರನೆಯ ಸಲದ ಕೊನೆಗೂ ಬ್ರಾಮ್ಸ್‌ಗೂ ನಡುವಿನ ಮೌನ ಎಷ್ಟಿರಬೇಕೆಂಬುದನ್ನು ಸಭಾಪಾಲಕರೊಂದಿಗೆ ಇನ್ನೊಮ್ಮೆ ನಡೆಸಿ ನೋಡಬೇಕಿದೆ. ಮೊದಲ ಸುತ್ತಿನವರು ಎದ್ದು ನಡೆಯಲು ಶುರುಮಾಡಿದ ಮೇಲೆಯೇ ಆರ್ಗನ್ ಶುರುವಾಗಲಿ ಎಂಬುದು ಸದ್ಯದ ಒಪ್ಪಂದ. ಆರ್ಗನ್ ಕಟ್ಟುವವರಿಗೆ ಕೊಡುವ ಪಟ್ಟಿಯಲ್ಲಿ ಎರಡು ಕೆಲಸಗಳಿವೆ: ಸುಬ್‌ಬಾಸಿನ ಕೆಳಗಿನ ಡಿ ಕೊಳವೆಯ ಮುಚ್ಚಳದ ಚರ್ಮ ಸಡಿಲವಾಗಿ ಸ್ವರ ಜಾರುತ್ತಿದೆ, ಮತ್ತು ಮಿಕ್ಸ್ಚರಿನ ಸ್ಟಾಪ್ ಪೂರ್ತಿ ಒಳಗೆ ಹೋಗುತ್ತಿಲ್ಲ.