ಮಂಗಳವಾರ ಗೊತ್ತಿದ್ದ ವಿಷಯ

"ಮಂಗಳವಾರ ಗೊತ್ತಿದ್ದ ವಿಷಯವನ್ನು ಶುಕ್ರವಾರ ಯಾಕೆ ಹೇಳಿದಿರಿ?"

ಜಪಾನಿನ ನಾಗೋಯಾದ ನಮ್ಮ ಕಸ್ಟಮರ್‌ನಿಂದ ಬಂದ ಮೇಲ್‌ನಲ್ಲಿ ಇದ್ದದ್ದು ಇಷ್ಟೇ. ಬೈದಿರಲಿಲ್ಲ, ಮೇಲಿನವರನ್ನು ಸಿಸಿಯಲ್ಲಿ ಹಾಕಿರಲಿಲ್ಲ. ಆರು ವರ್ಷ ಕಳೆದರೂ ಆ ಸಾಲು ನನಗೆ ಚುಚ್ಚುತ್ತದೆ.

ನಾನಾಗ ಬಿಡದಿಯ ಒಂದು ಬಿಡಿಭಾಗ ಕಾರ್ಖಾನೆಯ ಕ್ವಾಲಿಟಿಯಲ್ಲಿದ್ದೆ. ಹೊಸ ಬ್ರಾಕೆಟ್‌ನ ಟ್ರಯಲ್ ಲಾಟ್, 300 ಪೀಸ್, ಶುಕ್ರವಾರ ವಿಮಾನ ಹತ್ತಬೇಕಿತ್ತು. ಸೋಮವಾರದ ಕಾಲ್‌ನಲ್ಲಿ ಖಂಡಿತ ಕಳಿಸ್ತೀವಿ ಅಂದಿದ್ದೆ. ಮಂಗಳವಾರ ಸಂಜೆ ಅಳತೆ ನೋಡುವ ಯಂತ್ರದ, ಅಂದರೆ ಸಿಎಂಎಂನ, ರಿಪೋರ್ಟ್ ಬಂತು: ಎರಡು ಹೋಲ್ ಪೊಸಿಷನ್ ಔಟ್, ತೂತುಗಳು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಪೀಸನ್ನು ಹಿಡಿದಿಡುವ ಫಿಕ್ಸ್ಚರ್‌ನ ಲೊಕೇಟಿಂಗ್ ಪಿನ್ ಸವೆದಿತ್ತು. ಮ್ಯಾನೇಜರ್ ಹತ್ತಿರ ಓಡಿದೆ. "ಈಗಲೇ ಕಸ್ಟಮರ್‌ಗೆ ಹೇಳಿ ಗಾಬರಿ ಮಾಡಬೇಡ, ಸರಿ ಮಾಡ್ಕೊಂಡು ಹೇಳೋಣ" ಅಂದರು. ತಪ್ಪು ಅವರದೊಂದೇ ಅಲ್ಲ. ಆ ಮಾತು ಕೇಳಿ ನನಗೂ ಹಾಯೆನಿಸಿತ್ತು. ಎರಡು ದಿನ "ವರ್ಕ್ ಇನ್ ಪ್ರೋಗ್ರೆಸ್" ಅಂತ ಮೇಲ್ ಹಾಕಿದವನು ನಾನೇ.

ಶುಕ್ರವಾರ ಹತ್ತೂವರೆಗೆ ವಿಡಿಯೊ ಕಾಲ್. ಅಲ್ಲಿ ಮಧ್ಯಾಹ್ನ ಎರಡು ಗಂಟೆ. ಪೀಸ್ ಇವತ್ತು ಹೊರಡಲ್ಲ ಅಂತ ಹೇಳಿದೆ. ಅವರ ಹಿರಿಯ ಎಂಜಿನಿಯರ್ ಮಾತಾಡಲಿಲ್ಲ. ಡ್ರಾಯಿಂಗ್ ಎಳೆದುಕೊಂಡು ನೋಡಿದರು. ಪೆನ್ನಿನ ಕ್ಯಾಪ್ ಹಾಕಿದರು. ಹದಿನೈದು ಸೆಕೆಂಡ್ ಆಗಿತ್ತೇನೋ, ನನಗೆ ಮಾತ್ರ ಒಂದು ಶಿಫ್ಟ್ ಕಳೆದ ಹಾಗಾಯಿತು. ನಮ್ಮ ಮೀಟಿಂಗ್‌ಗಳಲ್ಲಿ ಅಷ್ಟು ಹೊತ್ತು ಸುಮ್ಮನಿರುವವರೇ ಇಲ್ಲ. ಲೈನ್ ಹೋಯಿತೇ ಅಂತ ಕೇಳಿದೆ. ಇಲ್ಲ ಅಂದರು. ತಡೆಯಲಾಗದೆ, ಫಿಕ್ಸ್ಚರ್ ಸರಿಮಾಡಬೇಕಾದ ಟೂಲ್ ರೂಮನ್ನು ಒಂದು ಮಾತೂ ಕೇಳದೆ, "ಸೋಮವಾರ ಪಕ್ಕಾ" ಅಂದುಬಿಟ್ಟೆ. ಅವರು ಯೋಚಿಸುತ್ತಿದ್ದರು. ಆ ಯೋಚನೆಯ ನಡುವೆ ನಾನು ಇನ್ನೊಂದು ಪೊಳ್ಳು ಮಾತು ಕೊಟ್ಟಿದ್ದೆ.

ನಾನು ಹೇಳುತ್ತಿದ್ದಷ್ಟು ಹೊತ್ತೂ ಅವರು "ಹಾಯ್, ಹಾಯ್" ಅನ್ನುತ್ತಿದ್ದರು. ಕೊನೆಗೆ ಉಸಿರೆಳೆದುಕೊಂಡು "ಸೋಮವಾರ... ಚೊತ್ತೊ..." ಅಂದರು. ಪರಿಶೀಲಿಸುತ್ತಾರಂತೆ ಅಂತ ದುಭಾಷಿ ಹೇಳಿದರು. ಕಸ್ಟಮರ್ ಒಪ್ಪಿದ್ದಾರೆ ಅಂತ ನಾನು ಮಿನಿಟ್ಸ್‌ನಲ್ಲಿ ಬರೆದೆ.

ಆ 'ಹಾಯ್' ಕಥೆ ಕೇಳುವ ಮಗು ಹೂಂಗುಟ್ಟುವ ಹಾಗೆ: ಕೇಳಿಸುತ್ತಿದೆ, ಮುಂದೆ ಹೇಳಿ ಅಂತ. 'ಚೊತ್ತೊ' ಅಂದು ಮಾತು ಅಲ್ಲಿಗೇ ನಿಲ್ಲಿಸಿದರೆ ಬಹುಮಟ್ಟಿಗೆ ಆಗಲ್ಲ ಅಂತಲೇ. ಇದು ನನಗೆ ಹೊಳೆಯಬೇಕಿತ್ತು. ಹೆಣ್ಣಿನ ಕಡೆಯವರು "ನೋಡೋಣ, ಮನೇಲಿ ಮಾತಾಡಿ ತಿಳಿಸ್ತೀವಿ" ಅಂದರೆ ನಮ್ಮೂರಲ್ಲಿ ಯಾರಾದರೂ ಚಪ್ಪರಕ್ಕೆ ಹೇಳುತ್ತಾರೆಯೇ?

ಎಚ್‌ಆರ್‌ನವರು ಅರ್ಧ ದಿನದ ತರಬೇತಿ ಕೊಟ್ಟಿದ್ದರು. ವಿಸಿಟಿಂಗ್ ಕಾರ್ಡ್ ಎರಡೂ ಕೈಯಲ್ಲಿ ಕೊಡುವುದು, ಎಷ್ಟು ಬಗ್ಗಬೇಕು ಅನ್ನುವುದು ಎಲ್ಲ ಆಯಿತು. ಕೆಟ್ಟ ಸುದ್ದಿಯನ್ನು ಯಾವಾಗ ಹೇಳಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ. ಜಪಾನಿನಲ್ಲಿ ಅದಕ್ಕೊಂದು ಹೆಸರೇ ಇದೆ, ಹೋರೆನ್ಸೋ. ವರದಿ, ಸುದ್ದಿ ಮುಟ್ಟಿಸುವುದು, ಸಲಹೆ ಕೇಳುವುದು, ಈ ಮೂರು ಪದಗಳ ಮೊದಲಕ್ಷರ ಕೂಡಿಸಿದ್ದು. ಅವರ ಭಾಷೆಯಲ್ಲಿ ಪಾಲಕ್ ಸೊಪ್ಪಿಗೂ ಅದೇ ಹೆಸರು, ಹಾಗಾಗಿ ನೆನಪಲ್ಲಿ ಉಳಿಯುತ್ತದೆ. 1982ರಲ್ಲಿ ಯಮಾತಾನೆ ಸೆಕ್ಯುರಿಟೀಸ್‌ನ ಅಧ್ಯಕ್ಷ ತೋಮಿಜಿ ಯಮಾಜಾಕಿ ತಮ್ಮ ಕಂಪನಿಯಲ್ಲಿ ಶುರುಮಾಡಿದ್ದು. ಮೇಲಿನವರು ಕೆಟ್ಟ ಸುದ್ದಿ ತಂದವನ ಮೇಲೆ ರೇಗಿದರೆ ಈ ಪದ್ಧತಿ ನಡೆಯುವುದಿಲ್ಲ. ನಮ್ಮ ಮ್ಯಾನೇಜ್‌ಮೆಂಟ್‌ಗೆ ಆ ಭಾಗ ಇವತ್ತಿಗೂ ಹಿಡಿಸಿಲ್ಲ.

ನನ್ನನ್ನು ನಿಜವಾಗಿ ನೋಯಿಸಿದ್ದು ಆಮೇಲೆ ಗೊತ್ತಾದ ಸಂಗತಿ. ಆ ಎರಡು ಹೋಲ್ ಕೇಬಲ್ ಕ್ಲಿಪ್‌ಗೆ ಇದ್ದವು. ಅವರ ಆ ಟ್ರಯಲ್‌ಗೆ ಬೇಕಾಗಿಯೇ ಇರಲಿಲ್ಲ. ಮಂಗಳವಾರವೇ ಹೇಳಿದ್ದರೆ ಡೆವಿಯೇಷನ್ ಮೇಲೆ, ಅಂದರೆ ಆ ದೋಷ ಇದ್ದ ಹಾಗೇ ಒಪ್ಪಿ, ತೆಗೆದುಕೊಳ್ಳುತ್ತಿದ್ದರಂತೆ. ನಮ್ಮ ಪೀಸ್ ಬರದೆ ಟ್ರಯಲ್ ರದ್ದಾಯಿತು.

ಹೋದ ತಿಂಗಳು ಸಂಜೆ ಏಳೂವರೆಗೆ ಲೋಹದ ಲೇಪ ಹಾಕುವ ಪ್ಲೇಟಿಂಗ್ ಲೈನ್ ನಿಂತಿತು. ಕಾರಣ ಇನ್ನೂ ಗೊತ್ತಿರಲಿಲ್ಲ. "ಕನ್ಫರ್ಮ್ ಆಗದೆ ಯಾಕೆ ಬರೀತೀಯ?" ಅಂತ ಮ್ಯಾನೇಜರ್ ಕೇಳಿದರು. ಗೊತ್ತಿದ್ದಷ್ಟು ಬರೆದು ಆ ಗಂಟೆಯೊಳಗೇ ಕಸ್ಟಮರ್‌ಗೆ ಕಳಿಸಿದೆ. ಬೆಳಗ್ಗೆ ನಾನು ಕ್ಯಾಬ್‌ನಲ್ಲಿದ್ದಾಗಲೇ ಉತ್ತರ ಬಂತು: "ತಿಳಿಸಿದ್ದಕ್ಕೆ ಧನ್ಯವಾದ. ಈಗ ಎಷ್ಟು ಪೀಸ್ ಸಿದ್ಧವಿವೆ?"

140 ಅಂತ ಬರೆದೆ.