‘ಫೋಟೋ ತೆಗೆಯೋಕೂ ಜಿಎಸ್‌ಟಿನಾ?’

ಹೌದು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಮದುವೆ ಸೀಸನ್ ಶುರುವಾದರೆ ವಾರಕ್ಕೆ ನಾಲ್ಕು ಸಲ ಇದೇ ಪ್ರಶ್ನೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡಿಬಿಡುತ್ತೇನೆ.

ನನಗೆ ಚುಚ್ಚುವುದು ಪ್ರಶ್ನೆಯಲ್ಲಿರುವ ಆ ‘ಊ’. ತೆಗೆಯೋಕೂ. ಒಡವೆ ಬಿಲ್ಲಿನಲ್ಲಿ 3 ಪರ್ಸೆಂಟ್ ಇದ್ದರೆ ತೆಪ್ಪಗೆ ಕೊಡುತ್ತಾರೆ. ಸ್ಟುಡಿಯೋಗೆ ಬಂದ ಕೂಡಲೇ ‘ಊ’ ಹುಟ್ಟಿಕೊಳ್ಳುತ್ತದೆ. ಸುಮ್ನೆ ಬಟನ್ ಒತ್ತೋನಿಗೂ ತೆರಿಗೆಯಾ ಅನ್ನುವ ಅರ್ಥ ಅದರೊಳಗೇ ಕೂತಿದೆ.

2024ರ ಶ್ರಾವಣದಲ್ಲಿ ಒಬ್ಬರು ಬಂದಿದ್ದರು. ಹುಡುಗಿಯ ಸೋದರಮಾವ. ಎರಡು ದಿನದ ಮದುವೆ, ಒಬ್ಬ ಕ್ಯಾಂಡಿಡ್, ಒಬ್ಬ ಟ್ರೆಡಿಷನಲ್, ಒಂದು ವಿಡಿಯೋ, ಡ್ರೋನ್, ಆಲ್ಬಮ್. ಒಂದು ಲಕ್ಷ ಅಂತ ಬರೆದು, ಕೆಳಗೆ ಜಿಎಸ್‌ಟಿ 18,000 ಅಂತ ಸೇರಿಸಿ ಚೀಟಿ ಮುಂದಿಟ್ಟೆ. ಅವರು ಚೀಟಿ ನೋಡಿ ನಕ್ಕರು.

“ಬಿಲ್ ಯಾರು ಕೇಳಿದ್ರು ಸಾರ್? ಕ್ಯಾಶ್ ಕೊಡ್ತೀವಿ. ಆ ಹದಿನೆಂಟು ಬಿಟ್ಬಿಡಿ.”

“ಅದು ನನ್ನ ದುಡ್ಡಲ್ಲ ಸಾರ್.”

“ನಿಮ್ಮ ಕೈಗೇ ತಾನೇ ಬರೋದು?”

ಬರುತ್ತೆ. ಮುಂದಿನ ತಿಂಗಳು 20ನೇ ತಾರೀಕಿನವರೆಗೆ ಇರುತ್ತೆ. ಕಂಡಕ್ಟರ್ ಚೀಲದಲ್ಲೂ ದುಡ್ಡಿರುತ್ತೆ, ಹಾಗಂತ ಯಾರಾದರೂ ಟಿಕೆಟ್ ಬೇಡ, ಚೀಲದ್ದು ಸ್ವಲ್ಪ ಬಿಟ್ಟುಕೊಡಪ್ಪ ಅಂತಾರಾ? ಇದನ್ನೂ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. “ಆಯ್ತು, ಎಲ್ಲಾ ಸೇರಿ ಒಂದು ಲಕ್ಷ ಮಾಡಿ” ಅಂದರು. ನಾನು ಕ್ಯಾಲ್ಕುಲೇಟರ್ ಅವರ ಕಡೆ ತಿರುಗಿಸಿ ಒತ್ತಿದೆ. ಒಂದು ಲಕ್ಷದೊಳಗೇ ತೆರಿಗೆ ಅಂದರೆ 15,254 ರೂಪಾಯಿ 24 ಪೈಸೆ ಸರ್ಕಾರಕ್ಕೆ. ನನಗೆ 84,745 ರೂಪಾಯಿ 76 ಪೈಸೆ. ಇದರಲ್ಲಿ ಮೂರು ಹುಡುಗರ ಸಂಬಳ, ಡ್ರೋನ್ ಬಾಡಿಗೆ, ಆಲ್ಬಮ್ ಲ್ಯಾಬಿನ ಬಿಲ್ಲು.

“ಏನ್ರೀ, ಪೈಸೆ ಲೆಕ್ಕ ಹೇಳ್ತೀರಲ್ರೀ!” ಅಂತ ಎದ್ದು ಎದುರು ರಸ್ತೆಯ ಸ್ಟುಡಿಯೋಗೆ ಹೋದರು.

ಎದುರಿನವನ ಮೇಲೆ ನನಗೆ ಸಿಟ್ಟಿಲ್ಲ. ಅವನ ವರ್ಷದ ವಹಿವಾಟು 20 ಲಕ್ಷ ದಾಟಿಲ್ಲ. ದಾಟದವರು ರಿಜಿಸ್ಟ್ರೇಷನ್ ಮಾಡಿಸಬೇಕಾಗಿಲ್ಲ, ಜಿಎಸ್‌ಟಿ ತೆಗೆದುಕೊಳ್ಳಲೂಬಾರದು. ಹೌದು, ತೆಗೆದುಕೊಳ್ಳಬಾರದು. ಜಿಎಸ್‌ಟಿ ನಂಬರ್ ಇಲ್ಲದೆ ‘ಜಿಎಸ್‌ಟಿ ಎಕ್ಸ್‌ಟ್ರಾ’ ಅನ್ನುವವರೂ ಇದ್ದಾರೆ. ಅಂಥವರ ಹತ್ತಿರ 15 ಅಕ್ಷರದ ನಂಬರ್ ಕೇಳಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತೆ.

ನಾನು ಇಷ್ಟು ಉರಿದು ಮಾತಾಡುವುದಕ್ಕೆ ಕಾರಣ ಇದೆ. ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ.

2022-23ರಲ್ಲಿ, ಕೊರೊನಾದಿಂದ ನಿಂತಿದ್ದ ಮದುವೆಗಳೆಲ್ಲ ಒಟ್ಟಿಗೆ ಬಂದವು. ನನ್ನ ತಲೆಯಲ್ಲಿದ್ದ ಲೆಕ್ಕ ಇದು: ಬಂದದ್ದರಲ್ಲಿ ಕ್ಯಾಂಡಿಡ್ ಹುಡುಗನದ್ದು ಕಳೆ, ಡ್ರೋನಿನವನದ್ದು ಕಳೆ, ಲ್ಯಾಬಿನದ್ದು ಕಳೆ, ಉಳಿದ ಏಳೆಂಟು ಲಕ್ಷ ನನ್ನ ವಹಿವಾಟು. ಜೊತೆಗೆ ಯಾರೋ 40 ಲಕ್ಷದವರೆಗೆ ಏನೂ ಇಲ್ಲ ಅಂದಿದ್ದರು. ಎರಡೂ ತಪ್ಪು. 40 ಲಕ್ಷ ಬರೀ ಸಾಮಾನು ಮಾರುವವರಿಗೆ. ಆಲ್ಬಮ್ ಕೊಟ್ಟ ಮಾತ್ರಕ್ಕೆ ನಾವು ಪುಸ್ತಕದ ಅಂಗಡಿಯಾಗುವುದಿಲ್ಲ, ನಮ್ಮದು ಸೇವೆ, ನಮಗೆ 20. ಅದನ್ನು ಎಣಿಸುವುದು ಉಳಿದದ್ದರ ಮೇಲಲ್ಲ, ಬಂದದ್ದರ ಮೇಲೆ.

ಜೂನ್‌ನಲ್ಲಿ ಆಡಿಟರ್ ಬ್ಯಾಂಕ್ ಸ್ಟೇಟ್‌ಮೆಂಟ್ ತಿರುವಿ ಹಾಕಿ, ಪೆನ್ನಿನ ತುದಿಯನ್ನು ಡಿಸೆಂಬರ್ ಪುಟದ ಒಂದು ಸಾಲಿನ ಮೇಲೆ ಇಟ್ಟರು. “ಇಲ್ಲಿಗೆ ದಾಟಿದ್ದೀರಿ. 30 ದಿನದಲ್ಲಿ ಅರ್ಜಿ ಹಾಕಬೇಕಿತ್ತು.” ಆಮೇಲೆ ಬಂದ ದುಡ್ಡು 5,90,000. ಅದರೊಳಗೇ ತೆರಿಗೆ ಇದೆ ಅಂತ ಲೆಕ್ಕ ಹಿಡಿದರೂ 90,000. ಮೇಲೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಬೇರೆ. ಆಲ್ಬಮ್ ತಗೊಂಡು ಗಂಡನ ಮನೆ ಸೇರಿದ ಹುಡುಗಿಯ ಅಪ್ಪನ ಹತ್ತಿರ ಹೋಗಿ, ಸಾರ್ ಜಿಎಸ್‌ಟಿ ಕೇಳೋದು ಮರೆತಿದ್ದೆ ಅನ್ನೋಕಾಗುತ್ತಾ? ಹೊಸ ಲೆನ್ಸಿಗೆ ಅಂತ ಕೂಡಿಟ್ಟದ್ದನ್ನು ಕಟ್ಟಿದೆ. ಆ ಲೆನ್ಸ್ ಇನ್ನೂ ಬಂದಿಲ್ಲ.

ಹೊಸ ಹುಡುಗರು ಫೋನ್ ಮಾಡಿ “ಅಣ್ಣಾ, ಜಿಎಸ್‌ಟಿ ಮಾಡಿಸಬೇಕಾ?” ಅಂತಾರೆ. ಅವರು ಕೇಳಬೇಕಾದ್ದು, “ಅಣ್ಣಾ, ಇವತ್ತಿನವರೆಗೆ ಎಷ್ಟು ಬಂತು ಅಂತ ನೀವು ಹೇಗೆ ಬರೆದಿಡ್ತೀರಿ?” ಇದನ್ನು ಯಾರಾದರೂ ಕೇಳಿದರೆ ಕಾಫಿ ಕುಡಿಸಿ ಹೇಳುತ್ತೇನೆ. ಒಬ್ಬನೂ ಕೇಳಿಲ್ಲ. ಆದರೂ ಹೇಳುತ್ತೇನೆ.

ಒಂದು ಉದ್ದ ನೋಟ್‌ಬುಕ್. ತಾರೀಕು, ಯಾರಿಂದ, ಎಷ್ಟು, ಇಲ್ಲಿಯವರೆಗೆ ಒಟ್ಟು. ಕೊನೆಯ ಕಾಲಂ 15 ಲಕ್ಷ ಮುಟ್ಟಿದರೆ ಆಡಿಟರ್ ಮನೆ ಹಾದಿ ಹಿಡಿಯಿರಿ. ಕೆಲಸದ ದುಡ್ಡಿಗೆ ಬೇರೆ ಅಕೌಂಟ್ ಇರಲಿ. ಅಕ್ಕ ಹಬ್ಬಕ್ಕೆ ಫೋನ್‌ಪೇ ಮಾಡಿದ್ದೂ ಮದುವೆ ದುಡ್ಡೂ ಒಂದೇ ಕಡೆ ಬಿದ್ದರೆ, ಆಮೇಲೆ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಗುತ್ತೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದಾಗ, ಬೆಂಗಳೂರಿನ ಅಂಗಡಿಗಳಲ್ಲಿ ‘ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದ್ದರಲ್ಲ, ಆ ವಾರ ರಾತ್ರಿ ಹನ್ನೊಂದಕ್ಕೆಲ್ಲ ನನಗೆ ಫೋನು. “ಸ್ಕ್ಯಾನರ್ ಕಿತ್ತುಹಾಕಲಾ ಅಣ್ಣಾ?” ಕಿತ್ತರೆ ಏನು ಬಂತು? ಕ್ಯಾಶೂ ಆ 20 ಲಕ್ಷದ ಲೆಕ್ಕಕ್ಕೇ ಸೇರುತ್ತೆ.

ರಿಜಿಸ್ಟ್ರೇಷನ್ ಆದ ಮೇಲೆ ಎಲ್ಲರೂ ಎಡವುವುದು ಅಡ್ವಾನ್ಸಿನಲ್ಲಿ. ಮದುವೆ ಫೆಬ್ರವರಿಯಲ್ಲಿ, ನೀವು ಜುಲೈನಲ್ಲಿ 25,000 ಅಡ್ವಾನ್ಸ್ ತಗೊಂಡಿರಿ. ಕ್ಯಾಮೆರಾ ಚೀಲದಿಂದಲೇ ಹೊರಗೆ ಬಂದಿಲ್ಲ. ಆದರೂ ತೆರಿಗೆ ಜುಲೈ ಲೆಕ್ಕಕ್ಕೆ. ಸಾಮಾನು ಮಾರುವವರಿಗೆ ಈ ಕಾಟ ಇಲ್ಲ, ಸೇವೆಯವರಿಗೆ ಇದೆ. ರಸೀದಿ ವೋಚರ್ ಕೊಡಬೇಕು. ನಡುವೆ ಸಂಬಂಧ ಮುರಿದು ದುಡ್ಡು ವಾಪಸ್ ಕೊಟ್ಟರೆ ರೀಫಂಡ್ ವೋಚರ್. ಮದುವೆ ಮುರಿದದ್ದಕ್ಕೂ ಕಾಗದ ಇಟ್ಟುಕೊಳ್ಳುವವರು ಲಾಯರ್ ಬಿಟ್ಟರೆ ನಾವೇ ಇರಬೇಕು.

ವರ್ಷದ ವಹಿವಾಟು 50 ಲಕ್ಷದೊಳಗಿನವರಿಗೆ ಕಾಂಪೊಸಿಷನ್ ಅಂತ ಒಂದು ಸ್ಕೀಮೂ ಇದೆ. 6 ಪರ್ಸೆಂಟ್, ಅದೂ ನಿಮ್ಮ ಜೇಬಿನಿಂದ. ಗಿರಾಕಿಯ ಹತ್ತಿರ ಕೇಳುವ ಹಾಗಿಲ್ಲ, ಹೊರರಾಜ್ಯದ ಗಿರಾಕಿ ಹಿಡಿಯುವ ಹಾಗಿಲ್ಲ, ಕ್ಯಾಮೆರಾ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮುರಿದುಕೊಳ್ಳುವ ಹಾಗೂ ಇಲ್ಲ. ನನಗೆ ಆ ಕೊನೆಯದ್ದೇ ಮುಖ್ಯ. ಎರಡು ಲಕ್ಷದ ಕ್ಯಾಮೆರಾ ಬಾಡಿ ತಗೊಂಡರೆ 36,000 ತೆರಿಗೆ. ಸ್ಟುಡಿಯೋ ನಂಬರಿನಲ್ಲಿ ಬಿಲ್ ಮಾಡಿಸಿದರೆ, ಅಷ್ಟನ್ನೂ ನಾನು ಕಟ್ಟಬೇಕಾದ್ದರಲ್ಲಿ ಮುರಿದುಕೊಳ್ಳಬಹುದು. ಹಾಗಾಗಿ ನಾನು 18 ಪರ್ಸೆಂಟ್ ಜಿಎಸ್‌ಟಿಯಲ್ಲೇ ಇದ್ದೇನೆ. ಲೆನ್ಸ್ ಬರುವ ದಿನ ಬಿಲ್ ಕೇಳಿಯೇ ತಗೊಳ್ಳುತ್ತೇನೆ.

ಹಾಂ, ಪಾಸ್‌ಪೋರ್ಟ್ ಸೈಜ್ ಫೋಟೋಗೂ ಇದೆ. ನನ್ನಲ್ಲಿ ಎಂಟು ಕಾಪಿಗೆ 100 ರೂಪಾಯಿ. ಅದರೊಳಗೆ ತೆರಿಗೆ 15 ರೂಪಾಯಿ 25 ಪೈಸೆ, ಸೋದರಮಾವನಿಗೆ ತೋರಿಸಿದ ಅದೇ ಲೆಕ್ಕ. ಇಷ್ಟು ವರ್ಷದಲ್ಲಿ ಇದಕ್ಕೆ ಯಾರೂ ‘ಊ’ ಹಚ್ಚಿಲ್ಲ. ಐನೂರರ ನೋಟು ಕೊಟ್ಟು, ಚೇಂಜ್ ಇದೆಯಾ ಅಂತಾರೆ ಅಷ್ಟೇ.