ಇಳಿಸುವ ಹೊತ್ತು

ಬೆಂಗಳೂರಿಂದ ರೈಲಲ್ಲಿ ಬಂದು ತುಮಕೂರಿನ ಮನೆ ಸೇರುವಷ್ಟರಲ್ಲಿ ರಾತ್ರಿ ಎಂಟೂವರೆ. ಕುಕ್ಕರ್ ಇಟ್ಟು, ಮೂಲೆಯಲ್ಲಿದ್ದ 5 ಕೆಜಿ ಡಂಬೆಲ್ ಎತ್ತಿಕೊಂಡೆ.

ಅಮ್ಮ ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದರು. "ಎತ್ತೋದಕ್ಕಿಂತ ಇಳಿಸೋಕೇ ಜಾಸ್ತಿ ಹೊತ್ತು ತಗೋತೀಯಲ್ಲ?" ಅಂದರು.

ಎಷ್ಟು ಸರಿಯಾಗಿ ಗಮನಿಸಿದ್ದಾರೆ! ಇಳಿಸುವಾಗ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆದು ಹಿಡಿಯುತ್ತದೆ. ಅದೂ ಕೆಲಸವೇ. ಸುಮ್ನೆ ಧಪ್ ಅಂತ ಬಿಟ್ಟರೆ ಆ ಕೆಲಸ ತಪ್ಪಿಹೋಗುತ್ತದೆ. ಮನಸ್ಸಲ್ಲೇ ಮೂರು ಎಣಿಸುತ್ತಾ ಇಳಿಸಿದರೆ ಚಿಕ್ಕ ತೂಕವೂ ತೋಳನ್ನು ಚೆನ್ನಾಗಿ ದುಡಿಸುತ್ತದೆ. ಮನೆಯಲ್ಲಿ ಇರೋದೇ ಒಂದು ಜೊತೆ ಡಂಬೆಲ್ ಆದಾಗ ಇದು ಎಷ್ಟು ದೊಡ್ಡ ಅನುಕೂಲ, ಅಲ್ವಾ?

ದಿನಾ ಮಾಡಲೇಬೇಕು ಅಂತಲೂ ಇಲ್ಲ. ದೊಡ್ಡ ಸ್ನಾಯುಗಳಿಗೆಲ್ಲ ವಾರಕ್ಕೆ ಕನಿಷ್ಠ 2 ದಿನ ಕೆಲಸ ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ರೈಲು ಲೇಟಾದ ದಿನಗಳಲ್ಲಿ ಈ ಮಾತು ನನಗೆ ತುಂಬಾ ಧೈರ್ಯ ಕೊಡುತ್ತದೆ.

ನಾಳೆ ಬಿಡುವು. ನಾಡಿದ್ದು ಕಾಲಿನ ಸರದಿ. ಡಂಬೆಲ್ ಎದೆಗೊತ್ತಿಕೊಂಡು ಸ್ಕ್ವಾಟ್, ಕೂರುವಾಗಲೂ ಅದೇ ಮೂರು ಎಣಿಕೆ. ನನ್ನ ಜೊತೆ ಯಾರಾದರೂ ಶುರು ಮಾಡ್ತೀರಾ?